ಚಾವಣಿ ಸೌರ ವಿದ್ಯುತ್‌ಗೆ ಸಹಾಯಧನ: ಅರ್ಜಿ ಹಾಕುವ ಮುನ್ನ ಮಂಡ್ಯ ಸೀಮೆಯವರು ಅರಿಯಬೇಕಾದ ಲೆಕ್ಕ

ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿತು. ಶ್ರೀರಂಗಪಟ್ಟಣ ತಾಲ್ಲೂಕಿನ ಕನ್ನಂಬಾಡಿಯಲ್ಲಿ 1911ರಲ್ಲಿ ಆರಂಭವಾದ ಅಣೆಕಟ್ಟೆಗೆ ನೀರಾವರಿಯಂತೆಯೇ ಇನ್ನೊಂದು ಉದ್ದೇಶವೂ ಇತ್ತು. ಬೇಸಿಗೆಯಲ್ಲೂ ಶಿವನಸಮುದ್ರದ ಯಂತ್ರಗಳು ನಿಲ್ಲದಂತೆ ನೀರು ಒದಗಿಸುವುದೇ ಅದು. ಹೀಗೆ ನಾಡಿಗೆಲ್ಲ ಬೆಳಕು ಕೊಟ್ಟ ಈ ಸೀಮೆಯಲ್ಲಿ ಈಗ ಮನೆಯ ಚಾವಣಿಯ ಮೇಲೆಯೇ ವಿದ್ಯುತ್ ತಯಾರಿಸಿಕೊಳ್ಳಲು ಸರ್ಕಾರ ಹಣ ಕೊಡುತ್ತಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಮನೆ ಹೊಂದಿರುವವರು, ಅದರಲ್ಲೂ ಬೆಂಗಳೂರು ಮೈಸೂರುಗಳಲ್ಲಿ ನೆಲೆಸಿ ಊರಿನಲ್ಲಿ ತಂದೆತಾಯಿಯರನ್ನು ಬಿಟ್ಟು ಬಂದಿರುವವರು, ಈ ಹಣ ಪಡೆಯುವುದು ಹೇಗೆಂದು ವಿಚಾರಿಸುವುದುಂಟು. ಪಡೆಯುವ ವಿಧಾನ ಕಠಿಣವಲ್ಲ. ಆದರೆ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಈ ಹಣ ನಮ್ಮ ಮನೆಗೆ ನಿಜಕ್ಕೂ ಬೇಕೆ?

ಯೋಜನೆ ಯಾವುದು, ಎಷ್ಟು ಹಣ

‘ಪ್ರಧಾನಮಂತ್ರಿ ಸೂರ್ಯ ಘರ್ ಮುಫ್ತ್ ಬಿಜ್ಲಿ ಯೋಜನೆ’ಗೆ 2024ರ ಫೆಬ್ರುವರಿ 13ರಂದು ಚಾಲನೆ ದೊರೆಯಿತು. ಅದೇ ತಿಂಗಳ 29ರಂದು ಕೇಂದ್ರ ಸಚಿವ ಸಂಪುಟ ಅನುಮೋದನೆ ನೀಡಿತು. ಒಟ್ಟು ವೆಚ್ಚ 75,021 ಕೋಟಿ ರೂಪಾಯಿ. ಗುರಿ ದೇಶದ ಒಂದು ಕೋಟಿ ಮನೆಗಳು. ಅವಧಿ 2026-27ನೇ ಹಣಕಾಸು ವರ್ಷದವರೆಗೆ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಹಾಯಧನವಿದೆ. ಅಂದರೆ ಒಂದು ಕಿಲೋವ್ಯಾಟ್ ಘಟಕಕ್ಕೆ 30,000, ಎರಡಕ್ಕೆ 60,000, ಮೂರಕ್ಕೆ 78,000. ಅಲ್ಲಿಗೆ ನಿಂತಿತು. ಐದು ಕಿಲೋವ್ಯಾಟ್ ಹಾಕಿಸಿದರೂ ಹತ್ತು ಹಾಕಿಸಿದರೂ ಸಿಗುವುದು ಅದೇ 78,000.

ಈ ಮೊತ್ತಗಳ ಹಿಂದೆ ಒಂದು ಮೂಲ ಬೆಲೆಯಿದೆ. ಕೇಂದ್ರದ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವು ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 50,000 ಮತ್ತು ಮೂರನೆಯದಕ್ಕೆ 45,000 ರೂಪಾಯಿ ಎಂದು ಲೆಕ್ಕ ಹಿಡಿದು, ಕ್ರಮವಾಗಿ ಶೇ 60 ಮತ್ತು ಶೇ 40ರಷ್ಟನ್ನು ತಾನು ಭರಿಸುತ್ತಿದೆ. ಮಾರುಕಟ್ಟೆಯಲ್ಲಿ ಬೆಲೆ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚೇ ಇರುತ್ತದೆ. ಆದ್ದರಿಂದ ‘ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಸರ್ಕಾರದ್ದು’ ಎಂಬ ಮಾರಾಟಗಾರರ ಮಾತನ್ನು ದರಪಟ್ಟಿಯ ಎದುರು ಇಟ್ಟು ನೋಡಬೇಕು. ಸೌರ ಉಪಕರಣಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಆ ಇಳಿಕೆ ನಿಮಗೆ ಕೊಟ್ಟ ದರಪಟ್ಟಿಯಲ್ಲಿ ಕಾಣುತ್ತಿದೆಯೇ ಎಂಬುದನ್ನೂ ಪರಿಶೀಲಿಸುವುದು ಒಳ್ಳೆಯದು.

ಹಣವನ್ನು ಸರ್ಕಾರ ಮುಂಗಡವಾಗಿ ಕೊಡುವುದಿಲ್ಲ. ಗ್ರಾಹಕರು ಮೊದಲು ಪೂರ್ತಿ ವೆಚ್ಚ ಭರಿಸಬೇಕು, ಇಲ್ಲವೇ ಸಾಲ ಪಡೆಯಬೇಕು. ಘಟಕ ಚಾಲನೆಗೊಂಡ ನಂತರ ಸಹಾಯಧನ ಅವರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಮೂರು ಕಿಲೋವ್ಯಾಟ್‌ವರೆಗಿನ ಘಟಕಕ್ಕೆ ರಾಷ್ಟ್ರೀಕೃತ ಬ್ಯಾಂಕುಗಳು ಅಡಮಾನವಿಲ್ಲದೆ ಸಾಲ ನೀಡುತ್ತವೆ. ಅದರ ಬಡ್ಡಿಯು ರೆಪೊ ದರಕ್ಕೆ ಅರ್ಧ ಶೇಕಡಾ ಸೇರಿಸಿದಷ್ಟು.

ಗೃಹಜ್ಯೋತಿ ಇರುವಾಗ ಸೌರಫಲಕ ಏಕೆ?

ಕರ್ನಾಟಕದ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ದೆಹಲಿಯಲ್ಲಿ ಯೋಜನೆ ರೂಪಿಸಿದವರ ಲೆಕ್ಕ, ಇಲ್ಲಿನ ಗೃಹಬಳಕೆದಾರರ ಲೆಕ್ಕ ಎರಡೂ ಬೇರೆಯಾಗುವುದು ಇಲ್ಲಿಯೇ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ 2023ರ ಜುಲೈ ತಿಂಗಳ ಬಳಕೆಗೆ ಅನ್ವಯವಾಗಿ ಆರಂಭವಾಯಿತು. ಅದರ ಪ್ರಕಾರ 2022-23ನೇ ಸಾಲಿನ ಮಾಸಿಕ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಯೂನಿಟ್, ಗರಿಷ್ಠ 200ರ ಮಿತಿಯೊಳಗೆ, ಉಚಿತ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದ ಮನೆಗಳಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿಯಾಗಿ ಕೊಡಲು 2024ರ ಜನವರಿಯಲ್ಲಿ ತೀರ್ಮಾನವಾಯಿತು. ಹಿಂದಿನ ಬಳಕೆಯ ದಾಖಲೆಯೇ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿಯಾದ 53 ಯೂನಿಟ್ ಹಿಡಿದು 58 ಯೂನಿಟ್ ಎಂದು ನಿಗದಿಪಡಿಸಲಾಯಿತು.

ಉದಾಹರಣೆಗೆ, ಪಾಂಡವಪುರದ ಒಂದು ಮನೆಯ ಸರಾಸರಿ 120 ಯೂನಿಟ್ ಇತ್ತೆನ್ನಿ. ಆ ಮನೆಯ ಅರ್ಹ ಮೊತ್ತ 132. ತಿಂಗಳಲ್ಲಿ 130 ಬಳಸಿದರೆ ಬಿಲ್ ಸೊನ್ನೆ. 150 ಬಳಸಿದರೆ ಹೆಚ್ಚಿನ 18 ಯೂನಿಟ್‌ಗೆ ಮಾತ್ರ ಹಣ. ಆದರೆ 201 ಬಳಸಿದಿರೋ, ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಈ ಗೆರೆ ಬಹಳ ಕಠೋರವಾದುದು. ಅನೇಕ ಮನೆಗಳಲ್ಲಿ ಬೇಸಿಗೆಯ ಎರಡು ತಿಂಗಳು ಗೆರೆ ದಾಟಿ, ಉಳಿದ ಹತ್ತು ತಿಂಗಳು ಒಳಗಿರುವುದು ಸಾಮಾನ್ಯ.

ಈಗ ಲೆಕ್ಕ ನೋಡೋಣ. ಒಂದು ಕಿಲೋವ್ಯಾಟ್ ಫಲಕ ನಮ್ಮ ಭಾಗದ ಬಿಸಿಲಿಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್, ತಿಂಗಳಿಗೆ 120 ಯೂನಿಟ್ ಕೊಡುತ್ತದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2025-26ನೇ ಸಾಲಿಗೆ ಗೃಹಬಳಕೆಗೆ ನಿಗದಿಪಡಿಸಿದ ದರ ಯೂನಿಟ್‌ಗೆ 5.80 ರೂಪಾಯಿ. ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜು 36 ಪೈಸೆ, ಜೊತೆಗೆ ವಿದ್ಯುತ್ ತೆರಿಗೆ. ಎಲ್ಲ ಸೇರಿ ಆರೂವರೆ ರೂಪಾಯಿಯ ಆಸುಪಾಸು. ತಿಂಗಳಿಗೆ 300 ಯೂನಿಟ್ ಬಳಸುವ ಮನೆಯವರು ನಿಗದಿತ ಶುಲ್ಕ ಬಿಟ್ಟು ಸುಮಾರು 2,000 ರೂಪಾಯಿ ಕಟ್ಟುತ್ತಾರೆ. ಅವರು ಮೂರು ಕಿಲೋವ್ಯಾಟ್ ಘಟಕ ಹಾಕಿಸಿ, ಸಹಾಯಧನ ಕಳೆದು ಕೈಯಿಂದ ಒಂದು ಲಕ್ಷದಷ್ಟು ವೆಚ್ಚವಾಯಿತೆಂದು ಇಟ್ಟುಕೊಂಡರೆ, ನಾಲ್ಕರಿಂದ ಐದು ವರ್ಷಗಳಲ್ಲಿ ಅಸಲು ಮರಳುತ್ತದೆ. ಫಲಕಗಳ ಆಯುಷ್ಯ 25 ವರ್ಷ. ಲಾಭದ ವ್ಯವಹಾರವೇ ಸರಿ.

ಅದೇ ಘಟಕವನ್ನು 130 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುತ್ತಿರುವ ಮನೆಗೆ ಹಾಕಿದರೆ? ಉಳಿತಾಯ ಏನೂ ಇಲ್ಲ. ಜಾಲಕ್ಕೆ ಹರಿದ ಹೆಚ್ಚುವರಿ ವಿದ್ಯುತ್ತಿಗೆ ಆಯೋಗ ನಿಗದಿಪಡಿಸಿದ ದರದಲ್ಲಿ ಹಣ ಬರುತ್ತದೆ, ನಿಜ. ಆದರೆ ಸಹಾಯಧನ ಪಡೆದ ಘಟಕಗಳಿಗೆ ಆ ದರ ನಾವು ವಿದ್ಯುತ್ ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಊರಿನಲ್ಲಿ ವಯಸ್ಸಾದ ತಂದೆತಾಯಿಗಳಿಬ್ಬರೇ ಇರುವ ಮನೆ, ಹಬ್ಬ ಜಾತ್ರೆಗಳಿಗೆ ಮಾತ್ರ ಬಾಗಿಲು ತೆರೆಯುವ ಮನೆ, ಇವುಗಳ ಮೇಲೆ ಒಂದೂವರೆ ಎರಡು ಲಕ್ಷ ಸುರಿಯುವುದು ಹಣದ ದೃಷ್ಟಿಯಿಂದ ಜಾಣತನವಲ್ಲ ಎಂದೇ ಈ ಲೇಖಕನ ಅಭಿಪ್ರಾಯ. ಗೃಹಜ್ಯೋತಿ ಶಾಶ್ವತವಲ್ಲ, ಮುಂದೊಂದು ಸರ್ಕಾರ ಅದನ್ನು ಹಿಂತೆಗೆದುಕೊಂಡೀತು ಎಂಬ ವಾದ ತಳ್ಳಿಹಾಕುವಂಥದ್ದಲ್ಲ. ಆದರೆ ಅದು ಊಹೆ. ಇಂದಿನ ಖರ್ಚಿಗೆ ಇಂದಿನ ಲೆಕ್ಕವೇ ಆಧಾರವಾಗಬೇಕು. ಸೌರಘಟಕ ಹಾಕಿಸಿದ ಮೇಲೆ ಗೃಹಜ್ಯೋತಿಯ ಅರ್ಹತೆಯನ್ನು ನಿಮ್ಮ ಬಿಲ್‌ನಲ್ಲಿ ಹೇಗೆ ಲೆಕ್ಕ ಹಾಕಲಾಗುತ್ತದೆ ಎಂಬುದನ್ನು ಅರ್ಜಿಗೂ ಮೊದಲು ಉಪವಿಭಾಗ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಬಾಯಿಮಾತಿನ ಉತ್ತರ ಮುಂದೆ ಉಪಯೋಗಕ್ಕೆ ಬಾರದು.

ಗೆರೆಯ ಅಂಚಿನಲ್ಲಿರುವ ಮನೆಗಳು

ತಿಂಗಳಿಗೆ 210, 220, 230 ಯೂನಿಟ್ ಬಳಸುವ ಮನೆಗಳ ಪ್ರಶ್ನೆ ಬೇರೆ. ಇವರಿಗೆ ಫಲಕಕ್ಕಿಂತ ಅಗ್ಗದ ದಾರಿಯಿದೆ. ಬಳಕೆಯನ್ನೇ ಗೆರೆಯ ಕೆಳಕ್ಕೆ ತರುವುದು. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಸುಮಾರು. ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಒಂದು ಫ್ಯಾನ್ ಬದಲಿಸಿದರೆ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಎರಡು ಬದಲಿಸಿದರೆ 32. ಎರಡು ಕಿಲೋವ್ಯಾಟ್‌ನ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಹಳ್ಳಿಗಳಲ್ಲಿ ಇನ್ನೂ ಹಂಡೆ ಒಲೆಗೆ ತೆಂಗಿನ ಸೋಗೆ, ಮಟ್ಟೆ ಹಾಕಿ ನೀರು ಕಾಯಿಸುವ ಮನೆಗಳವರು ಈ ಪ್ಯಾರಾ ಓದಿ ನಕ್ಕಾರು. ಅವರ ನಗು ನ್ಯಾಯವಾದುದೇ.

ಮೇಲಿನ ಉದಾಹರಣೆಯ ಮನೆಯೇ 220 ಯೂನಿಟ್ ಬಳಸುತ್ತಿದ್ದರೆ ವಿದ್ಯುತ್ ಶುಲ್ಕವೇ 1,450 ರೂಪಾಯಿ ದಾಟುತ್ತದೆ. ಎರಡು ಫ್ಯಾನ್ ಬದಲಿಸಿ 188ಕ್ಕೆ ಇಳಿಸಿದರೆ, ಅರ್ಹ ಮೊತ್ತ ಮೀರಿದ 56 ಯೂನಿಟ್‌ಗೆ ಮಾತ್ರ, ಅಂದರೆ ನಾನೂರು ರೂಪಾಯಿಗೂ ಕಡಿಮೆ. ತಿಂಗಳಿಗೆ ಸಾವಿರ ರೂಪಾಯಿಯ ವ್ಯತ್ಯಾಸ. ಎರಡು ಫ್ಯಾನಿನ ಬೆಲೆ ಒಂದು ಬೇಸಿಗೆಯಲ್ಲೇ ಮರಳಿತು. ಇಂಥ ಕೊಳ್ಳುವಿಕೆಗೆ ಸರ್ಕಾರದ ನೇರ ಸಹಾಯಧನವಿಲ್ಲ, ಅರ್ಜಿಯೂ ಇಲ್ಲ. ಇಂಧನ ದಕ್ಷತಾ ಬ್ಯೂರೋದ ನಕ್ಷತ್ರ ಚೀಟಿ ಸೀಲಿಂಗ್ ಫ್ಯಾನುಗಳಿಗೆ 2023ರ ಜನವರಿಯಿಂದ ಕಡ್ಡಾಯವಾಗಿರುವುದರಿಂದ ಅಂಗಡಿಯಲ್ಲಿ ಹೋಲಿಸಿ ನೋಡುವುದಂತೂ ಸುಲಭವಾಗಿದೆ. 2015ರ ಡಿಸೆಂಬರ್‌ನಲ್ಲಿ ಆರಂಭವಾದ ‘ಹೊಸ ಬೆಳಕು’ ಯೋಜನೆಯ ಎಲ್‌ಇಡಿ ಬಲ್ಬುಗಳನ್ನು ವಿದ್ಯುತ್ ಕಚೇರಿಯ ಕೌಂಟರಿನಲ್ಲಿ ಸಾಲು ನಿಂತು ಕೊಂಡವರಿಗೆ ಈ ಉಳಿತಾಯದ ರುಚಿ ಗೊತ್ತಿದೆ. 60 ವ್ಯಾಟ್ ಬಲ್ಬಿನ ಕೆಲಸವನ್ನು 9 ವ್ಯಾಟ್‌ನದು ಮಾಡುತ್ತಿತ್ತು.

ಸೋಲಾರ್ ವಾಟರ್ ಹೀಟರ್‌ಗೆ ಒಂದು ಕಾಲದಲ್ಲಿ ಕೇಂದ್ರದ ಸಹಾಯಧನವಿತ್ತು. 2014ರಲ್ಲಿ ಅದು ನಿಂತಿತು. ‘ಹೀಟರ್‌ಗೂ ಸಬ್ಸಿಡಿ ಕೊಡಿಸುತ್ತೇವೆ’ ಎಂದು ಬಾಗಿಲಿಗೆ ಬರುವವರನ್ನು ಹಾಗೆಯೇ ಕಳುಹಿಸಬಹುದು. ಹೊಲದ ಪಂಪ್‌ಸೆಟ್‌ಗೆ ಸಂಬಂಧಿಸಿದ ಕುಸುಮ್ ಯೋಜನೆ ಬೇರೆಯೇ. ಅದರ ಅರ್ಜಿಯನ್ನು ಮನೆಯ ಅರ್ಜಿಯೊಂದಿಗೆ ಬೆರೆಸಬಾರದು.

ಅರ್ಜಿ ಸಲ್ಲಿಸುವ ಕ್ರಮ

ಲೆಕ್ಕ ಹಾಕಿ, ಘಟಕ ಬೇಕೆಂದೇ ತೀರ್ಮಾನಿಸಿದವರು ಮುಂದೆ ಓದಬಹುದು.

ಅರ್ಜಿ ಸಲ್ಲಿಸಬೇಕಾದುದು ಯೋಜನೆಯ ರಾಷ್ಟ್ರೀಯ ಜಾಲತಾಣದಲ್ಲಿ. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇದೆಯೇ ಎಂದು ನೋಡಿಯೇ ಮುಂದುವರಿಯಿರಿ. ಹೋಲುವ ಹೆಸರಿನ ಖಾಸಗಿ ತಾಣಗಳಿಂದ ಮೋಸ ಹೋಗುವ ಅಪಾಯವಿದೆ. ರಾಷ್ಟ್ರೀಯ ತಾಣದಲ್ಲಿ ಅರ್ಜಿಗೆ ಶುಲ್ಕವಿಲ್ಲ. ಮೊಬೈಲ್ ಸಂಖ್ಯೆಯಿಂದ ನೋಂದಾಯಿಸಿಕೊಂಡ ಮೇಲೆ ರಾಜ್ಯ, ಜಿಲ್ಲೆ, ವಿದ್ಯುತ್ ಸರಬರಾಜು ಕಂಪನಿ ಮತ್ತು ಗ್ರಾಹಕ ಸಂಖ್ಯೆ ಆಯ್ಕೆ ಮಾಡಬೇಕು. ಬೆಂಗಳೂರಿನಲ್ಲಿ ಕುಳಿತು ಅರ್ಜಿ ತುಂಬುವವರು ಅಭ್ಯಾಸಬಲದಿಂದ ಬೆಸ್ಕಾಂ ಎಂದು ಒತ್ತುವುದುಂಟು. ಮಂಡ್ಯ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು ಮೈಸೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ, ಅಂದರೆ ಸೆಸ್ಕ್‌ಗೆ ಸೇರಿವೆ. ನಾಗಮಂಗಲದ ಗಡಿಯಾಚೆ ಕುಣಿಗಲ್, ತುರುವೇಕೆರೆಗಳು ಬೆಸ್ಕಾಂ ವ್ಯಾಪ್ತಿಗೆ ಬರುತ್ತವೆ. ಗಡಿಗ್ರಾಮದವರು ಬಿಲ್ಲಿನ ತಲೆಬರಹ ನೋಡಿಕೊಳ್ಳುವುದು ಕ್ಷೇಮ. ಹಳ್ಳಿಗಳಲ್ಲಿ ಇಂದಿಗೂ ಎಲ್ಲವೂ ‘ಕೆಇಬಿ’ಯೇ ಆಗಿರುವುದರಿಂದ ಈ ಎಚ್ಚರಿಕೆ.

ಇತ್ತೀಚಿನ ಬಿಲ್ಲಿನ ಪ್ರತಿಯನ್ನು ಜಾಲತಾಣಕ್ಕೆ ಏರಿಸಿ, ನೋಂದಾಯಿತ ಮಾರಾಟಗಾರರ ಪಟ್ಟಿಯಿಂದ ಒಬ್ಬರನ್ನು ಆರಿಸಬೇಕು. ಪಟ್ಟಿಯಲ್ಲಿ ಇಲ್ಲದವರಿಂದ ಕೆಲಸ ಮಾಡಿಸಿದರೆ ಸಹಾಯಧನವಿಲ್ಲ. ಕನಿಷ್ಠ ಮೂವರಿಂದ ದರಪಟ್ಟಿ ತರಿಸಿ. ದರಪಟ್ಟಿಯಲ್ಲಿ ಫಲಕ ಮತ್ತು ಇನ್ವರ್ಟರಿನ ಹೆಸರು, ಸಾಮರ್ಥ್ಯ, ಭರವಸೆಯ ಅವಧಿ ನಮೂದಾಗಿರಲಿ. ಒಳಗಿನ ಸೌರಕೋಶವೂ ಸೇರಿದಂತೆ ಫಲಕವು ಭಾರತದಲ್ಲೇ ತಯಾರಾದದ್ದಾಗಿರಬೇಕೆಂಬುದು ಸಹಾಯಧನದ ಷರತ್ತು. ಅಗ್ಗದ ಆಮದು ಫಲಕ ಹಾಕಿಸಿಕೊಂಡು ನಂತರ ಪರಿತಪಿಸಬಾರದು. ಐದು ವರ್ಷಗಳ ನಿರ್ವಹಣೆ ಮಾರಾಟಗಾರರ ಹೊಣೆ. ಅದೂ ಕರಾರಿನಲ್ಲಿ ಬರಹರೂಪದಲ್ಲಿರಬೇಕು.

ಹಿಂದೆ ತಾಂತ್ರಿಕ ಕಾರ್ಯಸಾಧ್ಯತೆಯ ವರದಿಗಾಗಿ ಕಾಯಬೇಕಿತ್ತು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಂದ ತಿದ್ದುಪಡಿಯಂತೆ 10 ಕಿಲೋವ್ಯಾಟ್‌ವರೆಗಿನ ಅರ್ಜಿಗಳು ಅಂಥ ಅಧ್ಯಯನವಿಲ್ಲದೆಯೇ ಅಂಗೀಕೃತವೆಂದು ಭಾವಿಸಲ್ಪಡುತ್ತವೆ. ಮಂಜೂರಾದ ಲೋಡ್ ಕಡಿಮೆ ಇದ್ದರೆ ಅದನ್ನು ಹೆಚ್ಚಿಸುವುದು ಕಂಪನಿಯ ಕೆಲಸ. ಹಳೆಯ ಮನೆಗಳಲ್ಲಿ ಒಂದು ಕಿಲೋವ್ಯಾಟ್ ಲೋಡ್ ಇರುವುದೇ ಹೆಚ್ಚು. ಅವರು ಇದನ್ನು ತಿಳಿದಿರಬೇಕು. ಆದರೆ ಲೋಡ್ ಏರಿದಂತೆ ಕಿಲೋವ್ಯಾಟ್ ಲೆಕ್ಕದ ನಿಗದಿತ ಶುಲ್ಕವೂ ಏರುತ್ತದೆ. ಸೌರಘಟಕದಿಂದ ಆ ಶುಲ್ಕ ತಪ್ಪುವುದಿಲ್ಲ.

ಘಟಕ ಅಳವಡಿಕೆಯಾದ ಬಳಿಕ ಫಲಕಗಳ ಕ್ರಮಸಂಖ್ಯೆ ಮತ್ತು ಛಾಯಾಚಿತ್ರಗಳನ್ನು ಜಾಲತಾಣದಲ್ಲಿ ಸಲ್ಲಿಸಲಾಗುತ್ತದೆ. ಸೆಸ್ಕ್ ಸಿಬ್ಬಂದಿ ಪರಿಶೀಲಿಸಿ ಎರಡೂ ದಿಕ್ಕಿನ ಹರಿವನ್ನು ಅಳೆಯುವ ಮೀಟರ್ ಅಳವಡಿಸುತ್ತಾರೆ. ಚಾಲನಾ ಪ್ರಮಾಣಪತ್ರ ಬಂದ ಮೇಲೆ ಬ್ಯಾಂಕ್ ಖಾತೆಯ ವಿವರ, ರದ್ದುಪಡಿಸಿದ ಚೆಕ್‌ನ ಪ್ರತಿ ಸಲ್ಲಿಸಬೇಕು. ಅಲ್ಲಿಂದ 30 ದಿನಗಳಲ್ಲಿ ಸಹಾಯಧನ ಜಮೆ ಎಂಬುದು ಯೋಜನೆಯ ಕಾಲಮಿತಿ.

ಮೀಟರ್ ಯಾರ ಹೆಸರಿನಲ್ಲಿದೆ?

ನಾಲ್ಕೂ ತಾಲ್ಲೂಕುಗಳಲ್ಲಿ ಅರ್ಜಿ ನಿಲ್ಲುವುದು ತಂತ್ರಜ್ಞಾನದ ತೊಡಕಿನಿಂದಲ್ಲ, ಹೆಸರಿನ ತೊಡಕಿನಿಂದ. ತೀರಿಕೊಂಡು ಇಪ್ಪತ್ತು ವರ್ಷವಾದ ಅಜ್ಜನ ಹೆಸರಿಗೆ ಬಿಲ್ ಬರುತ್ತಿರುತ್ತದೆ. ಮನೆಯ ಖಾತೆ ದೊಡ್ಡಪ್ಪನ ಹೆಸರಿನಲ್ಲಿರುತ್ತದೆ. ವಾಸಿಸುತ್ತಿರುವವರು ಚಿಕ್ಕಪ್ಪ. ಸಾಲ ತೆಗೆಯಲು ಸಿದ್ಧನಿರುವವನು ಬೆಂಗಳೂರಿನ ಮೊಮ್ಮಗ. ಬಿಲ್ ಕಟ್ಟುವವರೆಗೆ ಇದಾವುದೂ ತೊಂದರೆ ಕೊಡುವುದಿಲ್ಲ. ಸಹಾಯಧನಕ್ಕೆ ಮಾತ್ರ ಬಿಲ್ಲಿನಲ್ಲಿರುವ ಹೆಸರು, ಅರ್ಜಿದಾರರ ಹೆಸರು, ಬ್ಯಾಂಕ್ ಖಾತೆಯ ಹೆಸರು ಹೊಂದಿಕೆಯಾಗಬೇಕು.

ಆದ್ದರಿಂದ ಮೊದಲ ಹೆಜ್ಜೆ ಜಾಲತಾಣದ ಕಡೆಗಲ್ಲ, ತಾಲ್ಲೂಕು ಕೇಂದ್ರದ ಸೆಸ್ಕ್ ಉಪವಿಭಾಗ ಕಚೇರಿಯ ಕಡೆಗೆ ಇರಬೇಕು. ಆರ್.ಆರ್. ಸಂಖ್ಯೆಯ ಹೆಸರು ಬದಲಾವಣೆಗೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ಇತರ ವಾರಸುದಾರರ ಒಪ್ಪಿಗೆ ಪತ್ರ, ಮನೆಯ ಖಾತೆಯ ದಾಖಲೆ ಸಿದ್ಧವಿರಲಿ. ಹೊಲದ ಪಹಣಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಗ್ರಾಮಠಾಣೆಯ ಮನೆಗೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ, ಅಂದರೆ ನಮೂನೆ 9 ಮತ್ತು 11, ಬೇಕು. ಪಟ್ಟಣದ ಮನೆಗೆ ಪುರಸಭೆಯ ಖಾತೆ. ಅಣ್ಣತಮ್ಮಂದಿರ ನಡುವೆ ಪಾಲು ಆಗದೆ ಉಳಿದ ಮನೆಯಾದರೆ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುವ ಕಾರ್ಯವೇ ಎಲ್ಲಕ್ಕಿಂತ ದೀರ್ಘವಾದೀತು. ಇಪ್ಪತ್ತೈದು ವರ್ಷ ಬಾಳುವ ಘಟಕವನ್ನು ಪಾಲು ಇತ್ಯರ್ಥವಾಗದ ಚಾವಣಿಯ ಮೇಲೆ ಕೂರಿಸುವ ಮುನ್ನ, ಆ ಚಾವಣಿ ಮುಂದೆ ಯಾರದಾಗುತ್ತದೆ ಎಂಬುದನ್ನು ಮನೆಯವರು ಕುಳಿತು ಮಾತನಾಡಿಕೊಳ್ಳುವುದು ಉತ್ತಮ. ಹಳೆಯ ಬಿಲ್ ಬಾಕಿಯಿದ್ದರೆ ಇದೇ ಹಂತದಲ್ಲಿ ತೀರಿಸಿಬಿಡಿ.

ಚಾವಣಿ, ನೆರಳು, ಕೋಟೆ

ಒಂದು ಕಿಲೋವ್ಯಾಟ್‌ಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ಆರ್‌ಸಿಸಿ ತಾರಸಿಗೆ ತೊಂದರೆಯಿಲ್ಲ. ಈ ಭಾಗದ ಹಳೆಯ ತೊಟ್ಟಿ ಮನೆಗಳ ನಾಡಹೆಂಚಿನ ಇಳಿಜಾರು ಚಾವಣಿ ಫಲಕದ ಭಾರ ಮತ್ತು ಗಾಳಿಯ ಎಳೆತ ತಡೆಯುವಂಥದ್ದಲ್ಲ. ಗಳುಗಳಿಗೆ ಗೆದ್ದಲು ಹಿಡಿದಿದ್ದರಂತೂ ಮಾತೇ ಇಲ್ಲ. ಮಂಗಳೂರು ಹೆಂಚಿನ ಗಟ್ಟಿ ಮರಗೆಲಸದ ಚಾವಣಿಗೆ ವಿಶೇಷ ಕೊಂಡಿಗಳಿಂದ ಅಳವಡಿಸಬಹುದು, ವೆಚ್ಚ ಹೆಚ್ಚು. ನಾಗಮಂಗಲ, ಕೆ.ಆರ್. ಪೇಟೆ ಕಡೆ ಮನೆಯ ಮಗ್ಗುಲಲ್ಲೇ ತೆಂಗಿನ ಮರಗಳಿರುತ್ತವೆ. ಒಂದು ಗರಿಯ ನೆರಳು ಫಲಕದ ಒಂದು ಮೂಲೆಗೆ ಬಿದ್ದರೂ ಆ ಸಾಲಿನ ಉತ್ಪಾದನೆ ಕುಸಿಯುತ್ತದೆ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ನೆರಳು ಎಲ್ಲಿ ಬೀಳುತ್ತದೆಂದು ಒಂದು ದಿನ ತಾರಸಿಯ ಮೇಲೆ ನಿಂತು ನೋಡುವುದಕ್ಕೆ ಯಾವ ಎಂಜಿನಿಯರೂ ಬೇಕಿಲ್ಲ. ಬಿದ್ದ ತೆಂಗಿನಕಾಯಿ ಗಾಜಿಗೆ ಏನು ಮಾಡುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಮೇಲುಕೋಟೆಯಲ್ಲಿ ಮನೆಯಿದ್ದವರು ಕೋತಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಂತಿಗಳನ್ನು ಕೊಳವೆಯೊಳಗೆ ಹಾಯಿಸದೆ ಬಿಟ್ಟರೆ ಅವು ಬಹಳ ದಿನ ಉಳಿಯಲಾರವು. ಕಬ್ಬು ಅರೆಯುವ ಕಾಲದಲ್ಲಿ ಆಲೆಮನೆಯ ಹೊಗೆ, ತರಗು ಸುಟ್ಟ ಬೂದಿ ಫಲಕದ ಮೇಲೆ ಕೂರುವ ಊರುಗಳಲ್ಲಿ ತಿಂಗಳಿಗೆರಡು ಬಾರಿಯಾದರೂ ತೊಳೆಯಬೇಕಾಗುತ್ತದೆ.

ಶ್ರೀರಂಗಪಟ್ಟಣಕ್ಕೆ ಸೀಮಿತವಾದ ಮಾತೊಂದಿದೆ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು 2010ರ ಕಾನೂನು ತಿದ್ದುಪಡಿ ಹೇಳುತ್ತದೆ. ಕೋಟೆಯೊಳಗೂ ದರಿಯಾ ದೌಲತ್ ಆಸುಪಾಸಿನಲ್ಲೂ ಇರುವ ಅನೇಕ ಮನೆಗಳು ಈ ಅಳತೆಯೊಳಗೆ ಬರುತ್ತವೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಬಸದಿ, ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇಗುಲದ ಪಕ್ಕದ ಮನೆಗಳಿಗೂ ಇದು ಅನ್ವಯಿಸುತ್ತದೆ. ಅಲ್ಲಿ ಮನೆ ದುರಸ್ತಿಗೂ ಅನುಮತಿ ಬೇಕಾಗುವುದರಿಂದ, ಚಾವಣಿಯ ಮೇಲೆ ಕಬ್ಬಿಣದ ಚೌಕಟ್ಟು ಎಬ್ಬಿಸುವ ಮುನ್ನ ಇಲಾಖೆಯಿಂದ ಲಿಖಿತ ನಿರಾಕ್ಷೇಪಣೆ ಪಡೆಯುವುದು ಅವಶ್ಯ. ಹಣ ಕಟ್ಟಿದ ನಂತರವಲ್ಲ, ಕಟ್ಟುವ ಮೊದಲು.

ಕರೆಂಟು ಹೋದಾಗ

ಸೌರಫಲಕ ಹಾಕಿಸಿದರೆ ಕರೆಂಟು ಹೋಗುವುದೇ ಇಲ್ಲ ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಸಹಾಯಧನ ಇರುವುದು ಜಾಲಕ್ಕೆ ಜೋಡಿಸಿದ ಘಟಕಗಳಿಗೆ. ಜಾಲದಲ್ಲಿ ವಿದ್ಯುತ್ ನಿಂತೊಡನೆ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ಚಾವಣಿಯಿಂದ ಆಘಾತ ತಗುಲದಿರಲೆಂಬುದು ಇದರ ಉದ್ದೇಶ. ಹೀಗಾಗಿ ಬಿರುಬಿಸಿಲಿನ ಮಧ್ಯಾಹ್ನವೂ ಕರೆಂಟು ಹೋದರೆ ಮನೆಯಲ್ಲಿ ಕತ್ತಲೆಯೇ. ಬ್ಯಾಟರಿ ಮತ್ತು ಹೈಬ್ರಿಡ್ ಇನ್ವರ್ಟರ್ ಜೋಡಿಸಿಕೊಳ್ಳಲು ಅವಕಾಶವಿದೆ. ಆದರೆ ಬ್ಯಾಟರಿಗೆ ಸಹಾಯಧನವಿಲ್ಲ, ಪೂರ್ತಿ ಖರ್ಚು ಕೈಯಿಂದಲೇ. ದರಪಟ್ಟಿಯಲ್ಲಿ ಬ್ಯಾಟರಿಯನ್ನೂ ಸೇರಿಸಿ ‘ಸಬ್ಸಿಡಿ ಕಳೆದು ಇಷ್ಟು’ ಎಂದು ಹೇಳುವವರ ಬಳಿ ಎರಡನ್ನೂ ಬೇರೆಬೇರೆಯಾಗಿ ಬರೆದುಕೊಡಲು ಕೇಳಿ.

ತಡವಾದರೆ ಯಾರನ್ನು ಕೇಳಬೇಕು

ಮೀಟರ್ ಅಳವಡಿಕೆ ವಿಳಂಬವಾದರೆ 1912 ಸಂಖ್ಯೆಗೆ ದೂರು ನೀಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಕೇಂದ್ರ ಯೋಜನೆಯ ಸಹಾಯವಾಣಿ 15555. ಉಪವಿಭಾಗಗಳಲ್ಲಿ ನಡೆಯುವ ಜನಸಂಪರ್ಕ ಸಭೆಯಲ್ಲಿ ಅರ್ಜಿಯ ಪ್ರತಿಯೊಂದಿಗೆ ಹಾಜರಾದರೆ ಹಿರಿಯ ಎಂಜಿನಿಯರುಗಳ ಎದುರೇ ಉತ್ತರ ಕೇಳಬಹುದು. ಅಲ್ಲೂ ಪರಿಹಾರ ಸಿಗದಿದ್ದರೆ ಜಿಲ್ಲಾ ಮಟ್ಟದ ವಿದ್ಯುತ್ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ವೇದಿಕೆಗೆ ಹೋಗಲು ವಕೀಲರು ಬೇಕಿಲ್ಲ. ದಿನಾಂಕ ಸಹಿತವಾದ ಸ್ವೀಕೃತಿ ಪತ್ರಗಳು ಬೇಕು. ಪ್ರತಿ ಭೇಟಿಯಲ್ಲೂ ಕಚೇರಿಯ ಮುದ್ರೆಯಿರುವ ಒಂದು ಪ್ರತಿಯನ್ನು ಕೇಳಿ ಪಡೆದು, ಊರಿನ ಮನೆಯಲ್ಲಲ್ಲದೆ ನಿಮ್ಮ ಬಳಿಯೂ ಒಂದು ಇಟ್ಟುಕೊಂಡಿರಿ.